ಮಾಲೆಯ ನಾರು

"ಅಡ್ಡಡ್ಡ ನಡೆಯುವವಳು ನೇರ ಕಾರಣ ಹುಡುಕುತ್ತಾಳಂತೆ! ನಿನ್ನಿಂದ ಆಗುವ ಕೆಲಸವಲ್ಲ ಇದು," ಎಂದು ಮೀನುಬೋಟಿನ ಎಂಜಿನ್ನಿನೊಳಗಿದ್ದ ಪಿಸ್ಟನ್ ಏಡಿಯನ್ನು ನೋಡಿ ನಕ್ಕಿತು. ಬೋಟಿನ ತಳದ ಪಾಚಿಯಲ್ಲಿ ಬದುಕುತ್ತಿದ್ದ ಏಡಿಗೆ ನಗು ಬರಲಿಲ್ಲ. ಎಂಜಿನ್ ಇನ್ನೊಮ್ಮೆ ಬಿಸಿಯೇರಿ ನಿಂತರೆ ಬೋಟು ಗುಜರಿಗೆ ಹೋಗುತ್ತಿತ್ತು.

"ತಪ್ಪೆಲ್ಲ ಎಣ್ಣೆಯದು," ಎಂದಿತು ಪಿಸ್ಟನ್.

"ಎಣ್ಣೆಯನ್ನು ಬದಲಾಯಿಸಿದರು. ನೀನೂ ಹೊಸಬನೇ ಅಣ್ಣ. ಆದರೂ ಎಂಜಿನ್ ನಿಂತಿತಲ್ಲ? ರಿಪೇರಿಯಾದ ಮೇಲೆ ಏನು ಮಾಡುತ್ತಾರೆ?"

"ನಮಗೆ ಪೂಜೆ ಮಾಡಿ ಮಾಲೆಯನ್ನು ಬೋಟಿನ ಪಕ್ಕದಲ್ಲೇ ನೀರಿಗೆ ಬಿಡುತ್ತಾರೆ. ಅದೂ ತಪ್ಪೇ?"

ಏಡಿ ನೀರಿಗಿಳಿಯಿತು. ಎಂಜಿನ್ನನ್ನು ತಣಿಸುವ ಕಡಲನೀರು ಒಳಹೋಗುವ ಕೊಳವೆಯ ಬಾಯಲ್ಲಿ, ಪ್ರತಿ ರಿಪೇರಿಯ ಮಾಲೆಯ ಬಾಳೆನಾರೂ ಗಂಟುಗಂಟಾಗಿ ಸಿಕ್ಕಿಕೊಂಡಿತ್ತು. ಏಡಿ ಇಕ್ಕಳದಂಥ ತನ್ನ ಕೊಂಬುಗಳಿಂದ ಒಂದೊಂದೇ ಎಳೆಯನ್ನು ಕತ್ತರಿಸತೊಡಗಿತು. ಕೊನೆಯ ಎಳೆ ಉಳಿದಿರುವಾಗ ಚಾಲಕ ಎಂಜಿನ್ ಚಾಲೂ ಮಾಡಿದ. ನೀರಿನ ಸೆಳೆತಕ್ಕೆ ಏಡಿಯ ಬಲಗೊಂಬು ಮುರಿಯಿತು. ಆದರೂ ಅದು ಹಿಡಿತ ಬಿಡದೆ ಎಡಗೊಂಬಿನಿಂದ ಎಳೆಯನ್ನು ತುಂಡರಿಸಿತು. ನೀರು ಸಲೀಸಾಗಿ ಒಳನುಗ್ಗಿತು.

ತಣ್ಣಗೆ ಓಡುತ್ತಿದ್ದ ಪಿಸ್ಟನ್ ಮೆತ್ತಗೆ ಕೇಳಿತು: "ಏಡಕ್ಕಾ, ಅವರು ಮತ್ತೆ ಮಾಲೆ ಬಿಟ್ಟರೆ?"

"ಬಿಡಲಿ. ಇನ್ನೊಂದು ಕೊಂಬಿದೆಯಲ್ಲ!"

"ಹಾಗಾದರೆ ಆ ಕೊಳವೆಯ ಬಾಯಿ ಪಕ್ಕದ ಜಾಗ ಇನ್ನು ನಿನ್ನದೇ, ತಾಯಿ."

ಬೋಟು ಈಗಲೂ ಕಡಲಿಗೆ ಹೋಗುತ್ತದೆ. ಕೊಳವೆಯ ಪಕ್ಕದ ಸಂದು ಏಡಿಯ ಸ್ವಂತ ಮನೆ. ಅದಕ್ಕೆ ಅದು ತೆತ್ತದ್ದು ತನ್ನ ಬಲಗೊಂಬು.