ಆಮೆಯಜ್ಜಿಯ ವಿದ್ಯಾರ್ಥಿ ರಿಯಾಯಿತಿ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಕಂಪ್ಯೂಟರ್ ಕಲಿತಿದ್ದವು. ಹೇಗೆ ಎಂದು ಕೇಳಬೇಡಿ, ಕಲಿತಿದ್ದವು ಅಷ್ಟೇ. ಮನೆಯ ನಕ್ಷೆ ಬರೆಯುವ ಸಾಫ್ಟ್‌ವೇರನ್ನು ಮರಕುಟಿಗ ಮಾರುತ್ತಿತ್ತು. ಬೆಲೆ ಒಂದು ಕೊಡ ಜೇನು. ಶಾಲೆಯಲ್ಲಿ ಓದುವವರಿಗೆ ಒಂದೇ ಲೋಟ. ಅದಕ್ಕೆ ಕರಡಿ ಮೇಷ್ಟ್ರ ಪತ್ರ ಬೇಕು, ಒಬ್ಬರಿಗೆ ಒಂದೇ ಪ್ರತಿ.

ಎಂಬತ್ತು ದಾಟಿದ ಆಮೆಯಜ್ಜಿ ಆ ವರ್ಷವಷ್ಟೇ ಶಾಲೆಗೆ ಸೇರಿತ್ತು. ಸೋಮವಾರ ಪರೀಕ್ಷೆ, ನಕ್ಷೆ ಬರೆದು ಒಪ್ಪಿಸಬೇಕು. "ಈ ವರ್ಷ ತಪ್ಪಿದರೆ ಮುಂದಿನ ವರ್ಷ ಕಣ್ಣು ಕಾಣುತ್ತೋ ಇಲ್ಲವೋ" ಎಂಬ ಚಿಂತೆ ಅದಕ್ಕೆ. ಪತ್ರ ಕೈಯಲ್ಲಿತ್ತು. ಆದರೆ ಮೊಲದ ಮರಿಗಳ ಸಾಲಿನಲ್ಲಿ ನಿಲ್ಲಲು ನಾಚಿಕೆ.

ಇದನ್ನು ನರಿ ಗಮನಿಸಿತು. ಕಾಸು ಪಡೆದು ಗುಹೆ, ಬಿಲಗಳ ನಕ್ಷೆ ಮಾಡಿಕೊಡುವ ಅಂಗಡಿ ಅದರದ್ದು.

"ಅಜ್ಜೀ, ಈ ವಯಸ್ಸಲ್ಲಿ ವಿದ್ಯಾರ್ಥಿ ಅಂದ್ರೆ ಜನ ನಗಲ್ವೇ? ಪತ್ರ ಇಲ್ಲಿ ಕೊಡಿ, ನಾನೇ ತಂದುಕೊಡ್ತೀನಿ" ಎಂದಿತು.

"ನಿನ್ನ ಹೊಟ್ಟೆ ತಣ್ಣಗಿರಲಪ್ಪಾ" ಎಂದು ಅಜ್ಜಿ ಪತ್ರವನ್ನೂ ಒಂದು ಲೋಟ ಜೇನನ್ನೂ ಕೊಟ್ಟಿತು. ನರಿ ಸಾಫ್ಟ್‌ವೇರ್ ತಂದು ತನ್ನ ಅಂಗಡಿಯಲ್ಲೇ ಹಾಕಿಕೊಂಡಿತು. ಆಮೇಲೆ ಅಜ್ಜಿಯ ಕಣ್ಣಿಗೇ ಬೀಳಲಿಲ್ಲ.

ಮೂರು ದಿನ ಕಾದು, ಅಜ್ಜಿ ತಾನೇ ಮರಕುಟಿಗನ ಬಳಿ ಹೋಯಿತು. "ನಿಮ್ಮ ಹೆಸರಿನದ್ದು ಆಗಲೇ ಹೋಯ್ತಲ್ಲ ಅಜ್ಜೀ!" ಎಂದಿತು ಮರಕುಟಿಗ. ಅಜ್ಜಿ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಅತ್ತಿತು. ಪಾಪ, ಯಾರಿಗಾದರೂ ಕರುಳು ಚುರುಕ್ ಎನ್ನಬೇಕು.

ಅದೇ ಹೊತ್ತಿಗೆ ನರಿ ಹುಲಿಯ ಹೊಸ ಗುಹೆಯ ನಕ್ಷೆಯನ್ನು ಅವಸರದಲ್ಲಿ ಮುದ್ರಿಸಿ, ಸುತ್ತಿ, ಹುಲಿಯ ಮುಂದಿಟ್ಟಿತು. ಹುಲಿ ಬಿಚ್ಚಿ ನೋಡಿತು. ಪ್ರತಿ ಹಾಳೆಯ ನಡುವೆ ದಪ್ಪ ಅಕ್ಷರ: 'ವಿದ್ಯಾರ್ಥಿ: ಆಮೆಯಜ್ಜಿ. ಕಲಿಕೆಗೆ ಮಾತ್ರ, ವ್ಯಾಪಾರಕ್ಕಲ್ಲ.' ಪರದೆಯ ಮೇಲೆ ಕಾಣದ ಆ ಸಾಲು ಕಾಗದದ ಮೇಲೆ ಮೂಡುತ್ತಿತ್ತು.

"ನೀನು ಯಾವಾಗಿಂದ ಆಮೆಯಾದೆಯೋ?" ಎಂದು ಹುಲಿ ಗುಡುಗಿತು. ನರಿ ತಬ್ಬಿಬ್ಬಾಗಿ ಎಲ್ಲವನ್ನೂ ಬಾಯಿಬಿಟ್ಟಿತು. ಹುಲಿಯ ಕೆಲಸ ಕೈತಪ್ಪಿತು. ಸುದ್ದಿ ಹಬ್ಬಿ ಅಂಗಡಿಗೆ ಗಿರಾಕಿಗಳೂ ಬರಲಿಲ್ಲ.

ಮರಕುಟಿಗ ನರಿಯ ಪ್ರತಿ ನಡೆಯದಂತೆ ಮಾಡಿ, ಅಜ್ಜಿಗೆ ಬೇರೆ ಪ್ರತಿ ಕೊಟ್ಟಿತು. "ಅಜ್ಜೀ, ಓದೋರಿಗೆ ರಿಯಾಯಿತಿ ಅಂತ ಬೋರ್ಡ್ ಹಾಕಿದ್ದೀನಿ. ಚಿಕ್ಕೋರಿಗೆ ಅಂತ ಹಾಕಿಲ್ಲ. ನೀವೇ ಬರಬಾರದಿತ್ತೇ?"

ಅಜ್ಜಿ ಕಣ್ಣೊರೆಸಿಕೊಂಡು ನಕ್ಕಿತು. ನಕ್ಷೆ ಬರೆದು ಮುಗಿಸಿ, ಸೋಮವಾರದ ಪರೀಕ್ಷೆಗೆ ಭಾನುವಾರವೇ ಹೊರಟಿತು.

ನೀತಿ: ನಮಗೆ ಸಲ್ಲುವ ರಿಯಾಯಿತಿಯನ್ನು ನಾಚದೆ ನಾವೇ ಕೇಳಿ ಪಡೆಯಬೇಕು, ಪರರಿಗೆ ಸಲ್ಲುವುದನ್ನು ಕದ್ದರೆ ಅದು ದಕ್ಕುವುದಿಲ್ಲ.