ಉಗುರಿಗೆ ಸಿಗದ ಗೀರು

ಹೊಳೆದಂಡೆಯ ಆ ಆಶ್ರಮದಲ್ಲಿ ಹಿತ್ತಾಳೆ ದೀಪಗಳನ್ನು ಫಳಫಳ ಬೆಳಗುತ್ತಿದ್ದವನು ವೃಷಭೇಂದ್ರ. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು, ಕೆಲಸ ಬಿಟ್ಟು ಗುರು ಪಂಚಾಕ್ಷರಯ್ಯನವರ ಬಳಿ ಬಂದು ಸೇರಿದ್ದ.

ಪ್ರತಿ ಗುರುವಾರ ಡಾಕ್ಟರ್ ಇಂದುಮತಿ ಕಾರಿನಲ್ಲಿ ಬಂದು ಆಶ್ರಮದ ವೃದ್ಧರನ್ನು ಪರೀಕ್ಷಿಸಿ ಹೋಗುತ್ತಿದ್ದರು. ಒಂದು ಲೋಟ ಮಜ್ಜಿಗೆ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ.

ಇಂಥವರಿಗೆ ಏನಾದರೂ ಮಾಡಬೇಕು ಅಂತ ಒಂದು ಗುರುವಾರ ವೃಷಭೇಂದ್ರನಿಗೆ ಅನ್ನಿಸಿತು. ಕಾರಿನ ಹೊಳೆಯುವ ಲೋಹದ ಚಕ್ರಗಳಿಗೆ ಮಣ್ಣು ಮೆತ್ತಿತ್ತು. ತೆಂಗಿನ ನಾರು, ಬೂದಿ ತಂದು ದೀಪ ಉಜ್ಜುವ ಹಾಗೆ ಒಂದು ಚಕ್ರವನ್ನು ಚೆನ್ನಾಗಿ ಉಜ್ಜಿದ.

ನೀರು ಸುರಿದು ನೋಡಿದರೆ ಚಕ್ರದ ತುಂಬ ಕೂದಲೆಳೆಯಂಥ ಗೀರುಗಳು.

ಅವನು ಗುರುಗಳ ಬಳಿ ಓಡಿದ.

"ಗುರುಗಳೇ, ಲೋಹವನ್ನೇ ಗೀಚಿಬಿಟ್ಟೆ."

ಗುರುಗಳು ಬಂದು ಚಕ್ರದ ಮುಂದೆ ಕುಳಿತರು. ಗೀರುಗಳ ಮೇಲೆ ಮೆಲ್ಲಗೆ ಉಗುರು ಎಳೆದರು.

"ನೀನೂ ಎಳೆದು ನೋಡು. ಎಲ್ಲಾದರೂ ಸಿಕ್ಕಿಕೊಳ್ಳುತ್ತಾ?"

"ಇಲ್ಲ, ಜಾರುತ್ತೆ."

"ಹಾಗಾದರೆ ಲೋಹದವರೆಗೆ ನೀನು ಹೋಗಿಲ್ಲ. ಬಣ್ಣದವರೆಗೂ ಹೋಗಿಲ್ಲ. ಅದರ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತೆ. ಕ್ಲಿಯರ್ ಕೋಟ್ ಅಂತಾರೆ. ಗೀರು ಬಿದ್ದಿರೋದು ಅದಕ್ಕೆ."

"ನಿಮಗೆ ಇದೆಲ್ಲ ಹೇಗೆ ಗೊತ್ತು?"

"ಇಲ್ಲಿಗೆ ಬರೋ ಮೊದಲು ಬಸ್ಸುಗಳಿಗೆ ಬಣ್ಣ ಹೊಡೀತಿದ್ದೆ."

ವೃಷಭೇಂದ್ರ ಎದ್ದುನಿಂತ. "ಡಾಕ್ಟರಮ್ಮ ಹೊರಡೋದರೊಳಗೆ ಸರಿಮಾಡಿಬಿಡೋಣ. ಅವರಿಗೆ ತಿಳಿಯೋದೇ ಬೇಡ."

"ಚಕ್ರ ಯಾರದ್ದು?"

"ಅವರದ್ದು."

"ಒಂದು ಸಲ ಕೇಳದೆ ಮುಟ್ಟಿದೆ. ಇನ್ನೊಂದು ಸಲವೂ ಹಾಗೇ ಮುಟ್ಟುತ್ತೀಯಾ?"

ವೃಷಭೇಂದ್ರ ಕಾಲೆಳೆಯುತ್ತ ಒಳಗೆ ಹೋದ. ಇಂದುಮತಿ ಒಬ್ಬ ಅಜ್ಜಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು. ಅವನು ಕಾದು ನಿಂತು, ಆಮೇಲೆ ನಡೆದದ್ದನ್ನು ಹೇಳಿದ.

ಅವರು ಸ್ಟೆತಸ್ಕೋಪನ್ನು ಕೊರಳಿಗೆ ಹಾಕಿಕೊಂಡರು.

"ಮಗಳು ಕೊಡಿಸಿದ ಚಕ್ರ. ಹಾಕಿಸಿ ಹದಿನೈದು ದಿನ ಆಗಿಲ್ಲ," ಎಂದರು. ನಂತರ, "ಸರಿ ಮಾಡೋಕಾದರೆ ಮಾಡಿ," ಎಂದು ಮತ್ತೆ ಅಜ್ಜಿಯ ಕಡೆ ತಿರುಗಿದರು.

ವೃಷಭೇಂದ್ರ ಸೈಕಲ್ ಹತ್ತಿ ಸೇತುವೆಯಾಚೆಯ ಅಂಗಡಿಗೆ ಹೋದ. ಎರಡು ಡಬ್ಬಿ ತಂದ. ಒಂದರಲ್ಲಿ ಒರಟು ಪಾಲಿಶ್, ಇನ್ನೊಂದರಲ್ಲಿ ನಯವಾದದ್ದು.

"ಒರಟು ಹಾಕಿದರೆ ಬೇಗ ಆಗುತ್ತಂತೆ."

"ನಯವಾಗಿರೋದು ಮೊದಲು. ಅದಕ್ಕಿಂತ ಮೊದಲು ನೀರು."

"ಆಗಲೇ ತೊಳೆದಿದ್ದೀನಲ್ಲ?"

ಗುರುಗಳು ಚಕ್ರದ ಸಂದಿಯಲ್ಲಿ ಬೆರಳಾಡಿಸಿ ತೋರಿಸಿದರು. ತುದಿಯಲ್ಲಿ ಮರಳು, ಬೂದಿ.

"ಇದನ್ನ ಒಳಗೆ ಬಿಟ್ಟು ಉಜ್ಜಿದರೆ ಇನ್ನಷ್ಟು ಗೀರು."

ಸೋಪಿನ ನೀರಿನಲ್ಲಿ ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ನೆರಳಿನಲ್ಲಿ ಆರಲು ಬಿಟ್ಟರು. ಆಮೇಲೆ ಗುರುಗಳು ಇನ್ನೊಂದು ತುಂಡಿಗೆ ಬಟಾಣಿ ಗಾತ್ರದ ಪಾಲಿಶ್ ಹಚ್ಚಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೊದಲು ಪ್ರಯತ್ನಿಸಿದರು. ಸಣ್ಣ ಸಣ್ಣ ಸುತ್ತು, ಭಾರ ಹಾಕದ ಕೈ.

ಒರೆಸಿ ನೋಡಿದಾಗ ಅಲ್ಲಿನ ಗೀರುಗಳು ಕಾಣಲಿಲ್ಲ.

ವೃಷಭೇಂದ್ರ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಗೀರು ಎಲ್ಲಿ ಹೋಯಿತು?"

"ಎಲ್ಲೂ ಹೋಗಲಿಲ್ಲ. ಅದರ ಅಕ್ಕಪಕ್ಕದ ಪದರವನ್ನ ಅದರ ಮಟ್ಟಕ್ಕೆ ಇಳಿಸಿದೆವು."

"ಅಂದರೆ ಪದರ ಸವೆಯಿತು?"

"ಸ್ವಲ್ಪ."

ಅದನ್ನು ಕೇಳಿದ ಮೇಲೆ ವೃಷಭೇಂದ್ರನ ಕೈ ತಾನಾಗಿಯೇ ಹಗುರಾಯಿತು. ಒಂದಿಷ್ಟು ಉಜ್ಜುವುದು, ಒರೆಸುವುದು, ಬಗ್ಗಿ ನೋಡುವುದು. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಅವನು ಊಟಕ್ಕೆ ಏಳಲಿಲ್ಲ.

ಕೊನೆಗೆ ಅಂಚಿನಲ್ಲಿ ಒಂದೇ ಒಂದು ಗೀರು ಉಳಿಯಿತು. ಎಷ್ಟು ಉಜ್ಜಿದರೂ ಜಗ್ಗಲಿಲ್ಲ. ವೃಷಭೇಂದ್ರ ಒರಟು ಪಾಲಿಶ್‌ನ ಡಬ್ಬಿಗೆ ಕೈ ಹಾಕಿದ.

ಗುರುಗಳು ಆ ಗೀರಿನ ಮೇಲೆ ಅಂಗೈ ಇಟ್ಟರು.

"ಇದು ಹೋಗಲ್ವಾ ಗುರುಗಳೇ?"

"ಹೋಗಬಹುದು. ಪದರವೂ ಹೋಗಬಹುದು. ಎಷ್ಟು ಆಳವೋ ಗೊತ್ತಿಲ್ಲ. ಇಲ್ಲಿಗೆ ಸಾಕು."

ಅಷ್ಟರಲ್ಲಿ ಇಂದುಮತಿ ಹೊರಗೆ ಬಂದರು. ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕನ್ನಡಕ ಸರಿಮಾಡಿಕೊಂಡು ಸುತ್ತಲೂ ನೋಡಿದರು.

"ಎಲ್ಲಿತ್ತು ಗೀರು?"

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ವೃಷಭೇಂದ್ರ ಬಗ್ಗಿ ಅಂಚನ್ನು ತೋರಿಸಿದ. "ಎಲ್ಲ ಹೋಯಿತು ಡಾಕ್ಟರಮ್ಮ, ಇದೊಂದನ್ನ ನನ್ನಿಂದ ತೆಗೆಯೋಕಾಗಲಿಲ್ಲ. ಕ್ಷಮಿಸಬೇಕು."

ಇಂದುಮತಿ ಅದರ ಮೇಲೆ ಬೆರಳಿಟ್ಟರು. ಅವರ ಮುಖ ಕೆಂಪಾಯಿತು.

"ಇದು ನಿಮ್ಮದಲ್ಲ. ನನ್ನದು. ಹೋದ ವಾರ ಆಸ್ಪತ್ರೆ ಗೇಟಿನ ಕಲ್ಲಿಗೆ ತಾಗಿಸಿಬಿಟ್ಟೆ." ಎದ್ದು ಸೆರಗು ಕೊಡವಿಕೊಂಡರು. "ಮಗಳಿಗೆ ಇನ್ನೂ ಹೇಳಿಲ್ಲ. ಇವತ್ತು ಹೇಳ್ತೀನಿ."

ಕಾರು ಹೊರಟುಹೋಯಿತು. ಧೂಳು ಅಡಗುವವರೆಗೆ ಇಬ್ಬರೂ ನಿಂತಿದ್ದರು.

"ಗುರುಗಳೇ, ಆ ಗೀರು ಅವರದ್ದು ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿರಲಿಲ್ಲ."

"ಮತ್ತೆ ಯಾಕೆ ತಡೆದಿರಿ?"

ಗುರುಗಳು ಕೊಳೆ ಬಟ್ಟೆಗಳನ್ನು ಎತ್ತಿಕೊಂಡು ಹೊಳೆಯ ಕಡೆ ನಡೆಯುತ್ತ ಹೇಳಿದರು:

"ಗೊತ್ತಿರಲಿಲ್ಲ, ಅದಕ್ಕೇ."