ಹಾವಿನ ದೀಪಕ್ಕೆ ಮೂರು ಕರಿದಾರ

ನದಿ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಅಲ್ಲಿ ಗಾಡಿ ರಿಪೇರಿ ಮಾಡುವವನು ಹುಸೇನಪ್ಪ ಉಸ್ತಾದ. ಅವನ ಬಳಿ ಏಳು ವರ್ಷದಿಂದ ಕೆಲಸ ಕಲಿಯುತ್ತಿದ್ದವನು ಗವಿಸಿದ್ಧ. ಏಳು ವರ್ಷದಲ್ಲಿ ಮೀಸೆ ಪೂರಾ ಬಂದಿತ್ತು, ಅಪ್ಪಣೆ ಮಾತ್ರ ಬಂದಿರಲಿಲ್ಲ.

ಆ ಶೆಡ್ಡಿನ ಪದ್ಧತಿಯೇ ಹಾಗೆ. ನಟ್ಟು ತಿರುಗಿಸುವ ತನ್ನ ಪಾನಾಗಳಲ್ಲಿ ಒಂದನ್ನು ಉಸ್ತಾದ ಕೈಯಾರೆ ಕೊಟ್ಟರೆ ಮಾತ್ರ ಶಿಷ್ಯ ಸ್ವಂತ ಶೆಡ್ಡು ಹಾಕಬೇಕು. ಪಾನಾ ಸಿಗದೆ ಹೋದವನ ಶೆಡ್ಡಿಗೆ ನಾಯಿ ಕೂಡ ನೆರಳಿಗೆ ಬರುವುದಿಲ್ಲ ಅಂತ ಊರ ಮಾತು.

ಗವಿಸಿದ್ಧ ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟ.

"ಉಸ್ತಾದ್ರ, ನನಗ ಪಾನಾ ಯಾವಾಗ್ರೀ?"

"ಡಾಕ್ಟರಮ್ಮನ ಗಾಡಿ ದೀಪ ಆರಿದ ದಿನ."

"ಅದನ್ನ ಎರಡು ಸಲ ಆರಿಸೀನಲ್ರೀ!"

"ಎರಡು ಸಲ ಆರಿಸೀಯಂದ್ರ, ಒಂದು ಸಲಾನೂ ಆರಿಲ್ಲ."

ಡಾಕ್ಟರಮ್ಮ ಅಂದರೆ ದನದ ಡಾಕ್ಟರು ಹಂಪಮ್ಮ. ಗುಡ್ಡದ ಹಳ್ಳಿಗಳಲ್ಲಿ ಯಾವ ಎಮ್ಮೆಗೆ ಹೊಟ್ಟೆ ಉಬ್ಬಿದರೂ ಅವಳ ಗಾಡಿಯೇ ಓಡಬೇಕು. ಆ ಗಾಡಿಯಲ್ಲಿ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತುತ್ತಿತ್ತು. ಒಂದು ಪುಟ್ಟ ಕಾರು, ಅದರ ಹಿಂದೆ ಹಾವಿನ ಹಾಗೆ ಎರಡು ಗೆರೆ. ಜಾರುವ ಗಾಲಿಯನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಕೈಕೊಟ್ಟಿದೆ ಅಂತ ಅದರ ಅರ್ಥ. ಶೆಡ್ಡಿನಲ್ಲಿ ಅದಕ್ಕೆ ಹಾವಿನ ದೀಪ ಅಂತಲೇ ಹೆಸರು.

ಗವಿಸಿದ್ಧನ ಚಿಕಿತ್ಸೆ ಸಲೀಸು. ಗಾಡಿಯ ದೋಷ ತೋರಿಸುವ ಸ್ಕ್ಯಾನರು ಚುಚ್ಚುವುದು, ಗುಂಡಿ ಒತ್ತುವುದು. ದೀಪ ಮಾಯ. ಆಮೇಲೆ ತನ್ನ ಕಡೆಯಿಂದ ಗ್ಯಾರಂಟಿ ಅಂತ, ಹನುಮಪ್ಪನ ಗುಡಿಯಿಂದ ತಂದ ಕರಿ ಉಣ್ಣೆದಾರವನ್ನು ಬಲಗಡೆ ಮುಂದಿನ ಗಾಲಿಯ ಹಿಂದಿನ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟುವುದು. ಗಾಡಿ ಹೊಸದಾಗಿ ಬಂದಾಗ ಪೂಜೆ ದಿನ ಒಂದು ಕಟ್ಟಿದ್ದ. ಆಮೇಲೆ ದೀಪ ಹತ್ತಿದಾಗಲೆಲ್ಲ ಒಂದೊಂದು.

ಮೂರನೇ ಸಲ ಹಂಪಮ್ಮ ಬಂದವಳೇ ಗಾಡಿಯ ಬಾಗಿಲು ದಢಾರನೆ ಹಾಕಿದಳು.

"ಏನಪ್ಪಾ ಗವಿ, ನಿನ್ನ ಔಷಧ ನಾ ಎಮ್ಮಿಗೆ ಕೊಟ್ಟಿದ್ರ ಊರಾಗ ಒಂದು ಎಮ್ಮಿ ಉಳೀತಿದ್ದಿಲ್ಲ. ನಿನ್ನೆ ಗುಡ್ಡದ ಕೆಸರಿನಾಗ ಜಾರಿ ಕಂದಕದ ಅಂಚಿಗೆ ನಿಂತೆ. ಇನ್ನೊಂದು ಗೇಣು ಹೋಗಿದ್ರ ನನಗ ಯಾರಪ್ಪ ಡಾಕ್ಟ್ರು?"

ಗವಿಸಿದ್ಧ ಸ್ಕ್ಯಾನರಿಗೆ ಕೈ ಚಾಚಿದ. ಉಸ್ತಾದ ಹೋಗಿ ಸ್ಕ್ಯಾನರಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟ.

"ಮೊದಲು ಕೇಳು," ಅಂದ.

"ಯಾರನ್ನ ಕೇಳ್ಲಿ?"

"ಗಾಡಿಗೆ ಬಾಯಿಲ್ಲ. ಡಾಕ್ಟರಮ್ಮಗ ಐತಿ."

"ಬೇಕಾದಷ್ಟು ಐತಿ," ಅಂದಳು ಹಂಪಮ್ಮ.

ಗವಿಸಿದ್ಧ ತಲೆ ಕೆರೆದುಕೊಂಡ. "ದೀಪ ಯಾವಾಗ ಹತ್ತತೈತ್ರಿ?"

"ನೆಟ್ಟಗಿನ ದಾರ್ಯಾಗ ಹತ್ತಂಗಿಲ್ಲ. ಗುಡ್ಡದಾಗ ಎಡಕ್ಕ ಪೂರಾ ಹೊಳ್ಳಿಸಿದ್ನಿ ಅಂದ್ರ ಹತ್ತತೈತಿ."

"ಇದನ್ನ ಮೊದಲೇ ಯಾಕ ಹೇಳಲಿಲ್ರೀ?"

"ನೀ ಯಾವಾಗ ಕೇಳಿದ್ದಿ?"

ಗವಿಸಿದ್ಧ ಗಾಡಿ ಚಾಲೂ ಮಾಡಿ, ನಿಂತಲ್ಲೇ ಸ್ಟೇರಿಂಗು ಎಡಕ್ಕೆ ಪೂರಾ ತಿರುಗಿಸಿದ. ಹಾವಿನ ದೀಪ ಫಕ್ಕನೆ ಹತ್ತಿತು.

ಇಳಿದು ಬಲಗಾಲಿಯ ಒಳಗೆ ತಲೆ ತೂರಿಸಿದ. ಗಾಲಿಯ ವೇಗವನ್ನು ಹೇಳುವ, ಇಲಿಬಾಲದಷ್ಟು ಸಣ್ಣ ತಂತಿ ಅಲ್ಲಿತ್ತು. ಮೂರು ಕರಿದಾರ ಅದನ್ನು ಪಕ್ಕದ ಕಬ್ಬಿಣಕ್ಕೆ ಸೇರಿಸಿ ಬಿಗಿದಿದ್ದವು. ಗಾಲಿ ನೆಟ್ಟಗಿದ್ದರೆ ತಂತಿ ಸುಮ್ಮನಿರುತ್ತಿತ್ತು. ಗಾಲಿ ಹೊರಳಿದರೆ ಬಿಲ್ಲಿನ ಹೆದೆಯ ಹಾಗೆ ಸೆಟೆಯುತ್ತಿತ್ತು. ಮೇಲಿನ ರಬ್ಬರು ಹಾಗೇ ಇತ್ತು. ಬೆರಳಲ್ಲಿ ಒತ್ತಿ ನೋಡಿದರೆ ಒಳಗೆ ತಾಮ್ರ ತುಂಡಾಗಿತ್ತು.

ಮೂರು ಗಂಟೂ ಅವನವೇ. ಅಷ್ಟು ಚಂದದ ಗಂಟು ಊರಲ್ಲಿ ಬೇರೆ ಯಾರಿಗೂ ಬರುವುದಿಲ್ಲ.

ಮೆಲ್ಲಗೆ ಹಿಂತಿರುಗಿ ನೋಡಿದ. ಉಸ್ತಾದ ಬೀಡಿ ಸೇದುತ್ತ ನದಿ ನೋಡುತ್ತಿದ್ದ. ಹಂಪಮ್ಮ ಫೋನಿನಲ್ಲಿ ಯಾರದೋ ಆಕಳಿನ ಸಗಣಿ ವಿಚಾರಿಸುತ್ತಿದ್ದಳು.

ದಾರಗಳನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ.

ಹೊಸ ತಂತಿ ಕೂಡಿಸಿದ. ಹೊರಳುವಷ್ಟು ಸಡಿಲ ಬಿಟ್ಟ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ದಂಡೆಯ ಮೇಲೆ ನಾಲ್ಕು ಸುತ್ತು ಹೊಡೆದು ಬಂದ. ದೀಪ ಹತ್ತಲಿಲ್ಲ.

"ಏನಾಗಿತ್ತಪ್ಪಾ?" ಅಂದಳು ಹಂಪಮ್ಮ.

"ತಂತಿ ಹರಿದಿತ್ರಿ. ಗುಡ್ಡದ ರಸ್ತೆ ಕೆಟ್ಟದ್ದು ನೋಡ್ರಿ."

"ಹೌದು ಬಿಡು, ಅದೇನು ರಸ್ತೆನಾ," ಅಂತ ಅವಳು ಗಾಡಿ ಹತ್ತಿದಳು.

ಉಸ್ತಾದ ಎದ್ದ. ಗೋಡೆಯ ಮೊಳೆಯಿಂದ ಒಂದು ಪಾನಾ ತೆಗೆದು, ಬಟ್ಟೆಯಲ್ಲಿ ಒರೆಸಿ, ಮುಂದೆ ಚಾಚಿದ.

ಏಳು ವರ್ಷ ಕಾದಿದ್ದ ಪಾನಾ. ಗವಿಸಿದ್ಧನ ಕೈ ಅದರ ಕಡೆ ಹೋಗಲಿಲ್ಲ. ಜೇಬಿಗೆ ಹೋಯಿತು.

ಓಡಿ ಹೋಗಿ ಗಾಡಿಗೆ ಅಡ್ಡ ನಿಂತ.

"ಡಾಕ್ಟರಮ್ಮಾರ, ರಸ್ತೆ ಅಲ್ರೀ. ನಾನೇರೀ." ಮೂರೂ ದಾರ ಮುಂದೆ ಹಿಡಿದ. "ದೃಷ್ಟಿ ತಾಗಬಾರದಂತ ಕಟ್ಟಿದ್ನಿ. ಅವೇ ತಂತಿ ಎಳದು ಹರದಾವ."

ಹಂಪಮ್ಮ ದಾರ ನೋಡಿದಳು, ಅವನ ಮುಖ ನೋಡಿದಳು.

"ಹಂಗಾದ್ರ ನನ್ನ ಗಾಡಿಗೆ ತಾಗಿದ್ದು ನಿನ್ನ ದೃಷ್ಟೀನೇ ಅನ್ನು! ಸರಿ ನಡಿ ಅತ್ತಾಗ, ಆಕಳ ಕಾಯಾಕ ಹತ್ತೈತಿ."

ಗಾಡಿ ಗುಡ್ಡದ ಕಡೆ ಹೋಯಿತು. ಗವಿಸಿದ್ಧ ತಲೆ ತಗ್ಗಿಸಿಕೊಂಡು ವಾಪಸು ಬಂದ.

"ಇನ್ನ ಎಷ್ಟು ವರ್ಷ್ರೀ ಉಸ್ತಾದ್ರ?"

ಉಸ್ತಾದ ಪಾನಾ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದ.

ಗವಿಸಿದ್ಧ ಪಾನಾವನ್ನು ಕಣ್ಣಿಗೆ ಒತ್ತಿಕೊಂಡ. ಅಳು ಬಂದರೆ ಮೀಸೆಗೆ ಅವಮಾನ ಅಂತ, ಬಲ ಮುಂಗೈ ಮುಂದೆ ಚಾಚಿದ.

"ಹೊಸ ಶೆಡ್ಡಿಗೆ ಹೊಂಟೀನ್ರಿ. ನಿಮ್ಮ ಕೈಯಾರೆ ಒಂದು ದಾರ ಕಟ್ರೀ."

ಉಸ್ತಾದ ಆ ಮುಂಗೈ ಹಿಡಿದ. ನಟ್ಟು ಬಿಚ್ಚುವವನ ಹಾಗೆ ಒಮ್ಮೆ ಎಡಕ್ಕೆ ತಿರುವಿದ, ಒಮ್ಮೆ ಬಲಕ್ಕೆ ತಿರುವಿದ, ಬಿಟ್ಟ.

"ಬ್ಯಾಡ ಬಿಡಪ್ಪಾ. ಕೈ ತಿರುಗಬೇಕು."